ಚಪ್ಪಲಿ ಹಿಲ್ಮೊನ ಹಿಂದೆ ಯಾರಿದ್ದಾರೆ?

ನಮ್ಮ ವ್ರೆಲೊಗ್ರಾದ್ ಊರಿನಲ್ಲಿ ಯಾವ ಮನುಷ್ಯನ ಚರಿತ್ರೆ ಹೇಳಬೇಕಾದರೂ ಎರಡು ಕಾಂಡ ಮಾಡಿಕೊಳ್ಳುವುದು ರೂಢಿ: ಯುದ್ಧಕ್ಕೆ ಮೊದಲು, ಯುದ್ಧದ ನಂತರ. ನನ್ನ ಎದುರಂಗಡಿಯ ಹಿಲ್ಮೊ ಕೆಚೆಜಿಚ್‌ಗೆ ಮಾತ್ರ ಈ ರೂಢಿ ಒಗ್ಗುವುದಿಲ್ಲ. ಯುದ್ಧಕ್ಕೆ ಮೊದಲು ಅವನು ಉಣ್ಣೆಯ ಮನೆಚಪ್ಪಲಿ ಮಾಡುತ್ತಿದ್ದ. ನಂತರವೂ ಅದನ್ನೇ ಮಾಡಿದ. ನಡುವಿನ ಆ ನಾಲ್ಕು ವರ್ಷವೂ ನೆಲಮಾಳಿಗೆಯಲ್ಲಿ ಕೂತು ಅದನ್ನೇ ಮಾಡುತ್ತಿದ್ದ. ಯಾಕೆಂದರೆ ನೆಲಮಾಳಿಗೆಯ ನೆಲ ಇನ್ನಷ್ಟು ತಣ್ಣಗಿತ್ತು.

ನಮ್ಮ ಜನಕ್ಕೆ ತಣ್ಣನೆಯ ನೆಲದಷ್ಟು ಭಯ ಇನ್ನಾವುದರದ್ದೂ ಇಲ್ಲ. ಮನೆಗೆ ಬಂದ ಅತಿಥಿ ಬೂಟು ಹೊರಗೆ ಬಿಡಬೇಕು, ಒಳಗೆ ಚಪ್ಪಲಿ ಮೆಟ್ಟಬೇಕು. ಬರಿಗಾಲಲ್ಲಿ ಒಳಗೆ ಬಂದವನನ್ನು ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ. ಕಳ್ಳನಾದರೆ ಸಾಮಾನು ಒಯ್ಯುತ್ತಾನೆ, ಅಷ್ಟೇ. ಬರಿಗಾಲಿನವನು ನಮ್ಮ ಮನೆಯಲ್ಲಿ ಮೂತ್ರಪಿಂಡಕ್ಕೆ ಥಂಡಿ ಹತ್ತಿಸಿಕೊಂಡು ತನ್ನ ಮನೆಯಲ್ಲಿ ಸಾಯುತ್ತಾನೆ, ಕೆಟ್ಟ ಹೆಸರು ನಮಗೆ. ಇನ್ನು ಎದುರುಬದುರು ಎರಡು ಕಿಟಕಿ ತೆರೆದಿಟ್ಟರೆ ನಮ್ಮ ತಾಯಂದಿರು ಫಿರಂಗಿ ಹೊತ್ತಿಸಿದಂತೆ ಚೀರುತ್ತಾರೆ. ಅವರ ಪ್ರಕಾರ ಅಡ್ಡಗಾಳಿ ಹೊಡೆದು ಸತ್ತವರು ಎಲ್ಲ ಯುದ್ಧಗಳಲ್ಲಿ ಸತ್ತವರಿಗಿಂತ ಹೆಚ್ಚು.

ಈ ಪದ್ಧತಿಯಿಂದ ಇನ್ನೊಂದು ಲಾಭವೂ ಇದೆ. ಯಾರ ಮನೆಗೆ ಯಾರು ಬಂದಿದ್ದಾರೆಂದು ತಿಳಿಯಲು ಬಾಗಿಲು ತಟ್ಟಬೇಕಾಗಿಲ್ಲ. ಹೊಸ್ತಿಲಾಚೆಯ ಬೂಟು ನೋಡಿದರೆ ಸಾಕು. ನಾನು ಕ್ಷೌರಿಕ, ಹೆಸರು ಚಾಮಿಲ್. ಇಪ್ಪತ್ತಾರು ವರ್ಷದಿಂದ ಬೀದಿಗೆ ಮುಖ ಮಾಡಿ ನಿಂತು ಜನರ ತಲೆ ನೋಡುತ್ತಿದ್ದೇನೆ. ಆದರೆ ಊರಿನ ವಿದ್ಯಮಾನ ನಾನು ಕಲಿತದ್ದೆಲ್ಲ ಹೊಸ್ತಿಲುಗಳಿಂದ.

ಇಂಥ ಊರಿನಲ್ಲಿ ಚಪ್ಪಲಿ ಮಾಡುವವನು ಸಾಹುಕಾರನಾಗಿರಬೇಕಿತ್ತು. ಹಿಲ್ಮೊನ ಅಜ್ಜ ಹಾಗೇ ಇದ್ದನಂತೆ. ಹಿಲ್ಮೊನ ಕಾಲಕ್ಕೆ ಸಂತೆಯಲ್ಲಿ ಸ್ಪಂಜಿನ ಚಪ್ಪಲಿ ಬಂತು, ಒಂದು ಕಾಫಿಯ ಬೆಲೆಗೆ ಒಂದು ಜೊತೆ. ಅದು ಒಂದು ಚಳಿಗಾಲ ಬಾಳುತ್ತದೆ. ಹಿಲ್ಮೊನ ಚಪ್ಪಲಿ ಹನ್ನೆರಡು ವರ್ಷ ಬಾಳುತ್ತದೆ. ಈ ಒಳ್ಳೆಯತನವೇ ಅವನ ವ್ಯಾಪಾರವನ್ನು ಕೊಂದಿತು. ಒಮ್ಮೆ ಕೊಂಡ ಗಿರಾಕಿ ಮತ್ತೆ ಬರುವಷ್ಟರಲ್ಲಿ ಅವನ ಮಕ್ಕಳಿಗೆ ಮದುವೆಯಾಗಿರುತ್ತಿತ್ತು.

ಕೆಲಸವೋ ಕತ್ತೆ ದುಡಿತ. ಉಣ್ಣೆಯನ್ನು ಬಿಸಿ ಸಾಬೂನು ನೀರಲ್ಲಿ ಅದ್ದಿ, ಹರಡಿ, ಮೊಣಕೈ ಸವೆಯುವ ತನಕ ಉಜ್ಜಿ ಒತ್ತಬೇಕು. ದಿನಕ್ಕೆ ಒಂದು ಜೊತೆಗಿಂತ ಹೆಚ್ಚು ಆಗುವುದಿಲ್ಲ. ಐವತ್ತೆಂಟನೆಯ ವಯಸ್ಸಿಗೆ ಹಿಲ್ಮೊನ ಮಣಿಕಟ್ಟು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಅವನ ಹೆಂಡತಿ ಶುಹ್ರೆತಾ ತನ್ನ ತಮ್ಮ ಸ್ಮಾಯೊನ ಹತ್ತಿರ ಮಾತಾಡಿ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಸ್ಮಾಯೊಗೆ ಕಲ್ಲುಗಣಿ ಇದೆ. ಗಣಿಗೊಂದು ಗೇಟು, ಗೇಟಿಗೊಂದು ಗೂಡು, ಗೂಡಿಗೊಬ್ಬ ಕಾವಲುಗಾರ ಬೇಕು.

"ಕೂತು ಸಂಬಳ ತಗೋಬಹುದು ಕಣೋ," ಎಂದು ಸ್ಮಾಯೊ ನನ್ನ ಕುರ್ಚಿಯಲ್ಲೇ ಕೂತು ಭಾವನಿಗೆ ಕೇಳುವಂತೆ ಕೂಗುತ್ತಿದ್ದ. "ಲಾರಿ ಬಂದ್ರೆ ಗೇಟು ಮೇಲೆ, ಲಾರಿ ಹೋದ್ರೆ ಗೇಟು ಕೆಳಗೆ. ಮೇಲೆ, ಕೆಳಗೆ. ಅಷ್ಟೂ ತಲೆ ಇಲ್ವಾ ನಮ್ಮ ಭಾವಂಗೆ?"

ಹಿಲ್ಮೊ ಬೀದಿಯ ಆಚೆಯಿಂದ, "ತಲೆ ಇದೆ. ಅದಕ್ಕೇ ಬರ್ತಿಲ್ಲ," ಎನ್ನುತ್ತಿದ್ದ.

ಆ ಏಪ್ರಿಲಿನಲ್ಲಿ ಗುಡ್ಡದ ಮೇಲಿನ ಹೊಸ ಹೋಟೆಲಿನವರು ಬಂದರು. ಹಿಮದಲ್ಲಿ ಜಾರಲು ಬರುವ ಹೊರನಾಡಿನ ಗಿರಾಕಿಗಳಿಗೆ 'ಈ ಮಣ್ಣಿನ ಚಪ್ಪಲಿ' ಬೇಕಂತೆ. ಆರುನೂರು ಜೊತೆ, ಡಿಸೆಂಬರ್ ಒಂದಕ್ಕೆ. ಸರಿಹೋದರೆ ಪ್ರತಿವರ್ಷ. ತಪ್ಪಿದರೆ ಸ್ಪಂಜು. ಹಿಲ್ಮೊ ಒಪ್ಪಿಕೊಂಡುಬಿಟ್ಟ. ಆಮೇಲೆ ಬೆರಳು ಎಣಿಸಿದ. ಬೆಳಗಿನಿಂದ ಸಂಜೆಯ ತನಕ ಉಜ್ಜಿದರೂ, ಮಾಮೂಲಿ ಗಿರಾಕಿಗಳನ್ನು ಕೈಬಿಡದೆ, ಇನ್ನೂರು ದಾಟುವುದಿಲ್ಲ. ಉಣ್ಣೆ ಒತ್ತುವ ಯಂತ್ರ ಒಂದಿದ್ದರೆ, ಅದೂ ಅಕ್ಟೋಬರ್ ಒಂದರೊಳಗೆ ಬಂದರೆ, ಉಳಿದ ನಾನೂರೂ ಆದೀತು. ಬರದಿದ್ದರೆ ಅಂಗಡಿಯ ಬಾಗಿಲು ಕೆಳಗೆ, ಸ್ಮಾಯೊನ ಗೇಟು ಮೇಲೆ.

ಇಲ್ಲಿ ನಮ್ಮ ಸರ್ಕಾರ ರಂಗಪ್ರವೇಶ ಮಾಡುತ್ತದೆ.

ನಮ್ಮ ದೇಶ ಚಿಕ್ಕದು, ಆದರೆ ಸರ್ಕಾರಗಳಿಗೆ ಬರವಿಲ್ಲ. ದೇಶಕ್ಕೊಂದು, ಅದರ ಅರ್ಧಕ್ಕೊಂದು, ಆ ಅರ್ಧದೊಳಗಿನ ಒಂದೊಂದು ಪ್ರಾಂತಕ್ಕೂ ಒಂದೊಂದು. ನಮ್ಮ ಪ್ರಾಂತದ ಈ ತುದಿಯಲ್ಲಿ ಸೀನಿದರೆ ಆ ತುದಿಯವರು 'ಚಿರಾಯು' ಅನ್ನಬಹುದು. ಅಷ್ಟರೊಳಗೆ ಒಬ್ಬ ಪ್ರಧಾನಿ, ಸಾಲಾಗಿ ಮಂತ್ರಿಗಳು, ಅವರಿಗೆಲ್ಲ ಕಾರು, ಕಾರಿಗೆಲ್ಲ ಚಾಲಕರು. ಪ್ರಾಂತದಲ್ಲಿ ಹೊಸ ಉದ್ಯೋಗ ಸೃಷ್ಟಿಯಾಗಿಲ್ಲವೆಂದು ಯಾರೂ ಹೇಳುವಂತಿಲ್ಲ.

ಈ ಸರ್ಕಾರ ಪ್ರತಿ ವಸಂತದಲ್ಲೂ 'ಉದ್ಯಮಿಗೆ ರೆಕ್ಕೆ' ಎಂಬ ಯೋಜನೆ ಪ್ರಕಟಿಸುತ್ತದೆ. ಚಿಕ್ಕ ಉದ್ಯಮಿಗಳಿಗೆ ಬೇಕಾದ ಯಂತ್ರವನ್ನು ಸರ್ಕಾರವೇ ಕೊಂಡು ಕೊಡುತ್ತದೆ. ಪುರಸಭೆಯ ಗಾಜಿನ ಫಲಕದ ಬೀಗದಕೈ ಕಳೆದು ಒಂಬತ್ತು ವರ್ಷವಾಗಿರುವುದರಿಂದ ಪ್ರಕಟಣೆಯನ್ನು ಗಾಜಿನ ಹೊರಗೆ ಅಂಟಿಸುತ್ತಾರೆ. ಮೊದಲ ಮಳೆ ಅದನ್ನು ಓದಿಕೊಂಡು ಹೋಗುತ್ತದೆ. ಜನರಿಗೇನೂ ನಷ್ಟವಿಲ್ಲ, ಯಾಕೆಂದರೆ ಜನ ಅರ್ಜಿ ಹಾಕುವುದಿಲ್ಲ. ರೆಕ್ಕೆ ಯಾರಿಗೆ ಮೂಡುತ್ತದೆಂದು ಎಲ್ಲರಿಗೂ ಗೊತ್ತು: ಯಾರಿಗೆ ವಶೀಲಿ ಇದೆಯೋ ಅವರಿಗೆ. ನಮ್ಮ ಕಡೆ ವಶೀಲಿ ಇಲ್ಲದೆ ಶಾಲೆಯ ಜಾಡಮಾಲಿ ಕೆಲಸವೂ ಸಿಗುವುದಿಲ್ಲ, ಹಲ್ಲು ಕೀಳಿಸಲು ಸರದಿಯೂ ಬರುವುದಿಲ್ಲ. ಹಿಂದಿನ ವರ್ಷ ರೆಕ್ಕೆ ಮೂಡಿದ್ದು ಉದ್ಯಮ ಮಂತ್ರಿಗಳ ನೆಂಟನ ಕಾರು ತೊಳೆಯುವ ಕೇಂದ್ರಕ್ಕೆ. ಅದರ ಹಿಂದಿನ ವರ್ಷ ಅದೇ ಕೇಂದ್ರದ ಮುಂಬಾಗಿಲಿಗೆ.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಮೇಲಕ್ಕೂ ಕೆಳಕ್ಕೂ ಏರಿಳಿಯುವ ಕ್ಷೌರದ ಕುರ್ಚಿಗಾಗಿ ಮೂರು ವರ್ಷ ಅರ್ಜಿ ಹಾಕಿದ್ದೆ. ಪ್ರತಿ ಸಲವೂ ಕ್ರಮವಾಗಿ ಒಬ್ಬ ಮಧ್ಯವರ್ತಿಯನ್ನು ಹಿಡಿದಿದ್ದೆ, ಕ್ರಮವಾಗಿ ಹೊಗೆಯಲ್ಲಿ ಒಣಗಿಸಿದ ಒಂದು ಕುರಿತೊಡೆ ಕಳಿಸಿದ್ದೆ. ಮೂರು ತೊಡೆ ಹೋದವು. ಕುರ್ಚಿ ಬರಲಿಲ್ಲ. ಉಳಿದ ಒಂದು ತೊಡೆಯಿಂದ ಕುರಿ ಬದುಕಲಾರದೆಂದು ಸುಮ್ಮನಾದೆ.

ಹಿಲ್ಮೊ ಅರ್ಜಿ ಹಾಕುತ್ತೇನೆಂದಾಗ ನಾನು ಕೇಳಿದೆ: "ಯಾರನ್ನ ಹಿಡಿದಿದ್ದೀಯ?"

"ಹಿಡಿಯೋದೇನು? ಪೆನ್ನು ಹಿಡಿದಿದ್ದೀನಿ."

"ಅಯ್ಯೋ ಮಂಕೇ! ಪೆನ್ನು ಹಿಡಿದೋರಿಗೆಲ್ಲ ಯಂತ್ರ ಕೊಟ್ರೆ ಸರ್ಕಾರ ಉಳಿಯುತ್ತಾ?"

"ಇಲ್ಲಿ ಬರ್ದಿದಾರಲ್ಲ ಚಾಮಿಲ್, ಅರ್ಹರು ಅರ್ಜಿ ಹಾಕಬಹುದು ಅಂತ. ನಾನು ಅರ್ಹ."

ಇದು ಹಿಲ್ಮೊನ ದೊಡ್ಡ ಊನ. ಬರೆದದ್ದನ್ನು ನಂಬುತ್ತಾನೆ, ಕೇಳಿದ್ದಕ್ಕೆ ನಿಜ ಹೇಳುತ್ತಾನೆ. ಆದರ್ಶದಿಂದ ಅಲ್ಲ, ಸುಳ್ಳಿಗೆ ಬೇಕಾಗುವಷ್ಟು ಕಲ್ಪನಾಶಕ್ತಿ ಅವನಿಗಿಲ್ಲ.

ಹದಿನಾಲ್ಕು ಕಾಗದ ಕೂಡಿಸಬೇಕಿತ್ತು. ತೆರಿಗೆ ಬಾಕಿ ಇಲ್ಲವೆಂಬ ಕಾಗದ, ಜೈಲಿಗೆ ಹೋಗಿಲ್ಲವೆಂಬ ಕಾಗದ, ಹುಟ್ಟಿದ್ದಾನೆಂಬ ಕಾಗದ. ಯಾವುದೂ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಮೂರು ತಿಂಗಳ ಹಿಂದೆ ಹುಟ್ಟಿದ್ದ ಮನುಷ್ಯ ಈಗಲೂ ಹುಟ್ಟಿದ್ದಾನೆಯೇ ಎಂಬ ಅನುಮಾನ ಸರ್ಕಾರಕ್ಕೆ ಸಹಜ. ಕೊನೆಯಲ್ಲಿ ಉದ್ಯಮ ಯೋಜನೆ ಎಂಬ ಎಂಟು ಪುಟ. ಅದನ್ನು ಹಿಲ್ಮೊ ನನ್ನಂಗಡಿಯ ಬೆಂಚಿನಲ್ಲೇ ಕೂತು ತುಂಬಿದ. ನಾನು ಇಣುಕಿ ಓದಿದೆ.

'ನಿಮ್ಮ ಉದ್ಯಮದಲ್ಲಿ ಹೊಸತನವೇನು?' ಎಂಬಲ್ಲಿ, 'ಏನೂ ಇಲ್ಲ. ಅಜ್ಜನದು.' 'ಪ್ರತಿಸ್ಪರ್ಧಿಗಳು ಯಾರು?' ಎಂಬಲ್ಲಿ, 'ಸ್ಪಂಜು.' 'ಉದ್ಯಮಕ್ಕಿರುವ ಅಪಾಯಗಳು?' ಎಂಬಲ್ಲಿ, 'ಬೇಸಿಗೆ.' 'ರಫ್ತಿನ ಸಾಧ್ಯತೆ?' ಎಂಬಲ್ಲಿ ತುಂಬ ಹೊತ್ತು ಯೋಚಿಸಿ, 'ಕಾಲು ಎಲ್ಲ ದೇಶದಲ್ಲೂ ಇವೆ' ಎಂದು ಬರೆದ.

ನಾನು ನಗುತ್ತ ನಗುತ್ತ ಗಿರಾಕಿಯೊಬ್ಬನ ಕಿವಿಗೆ ಕತ್ತರಿ ತಾಗಿಸಿದೆ.

ಜುಲೈಯಲ್ಲಿ, ಅರ್ಜಿಗಳಿಗೆ ಅಂಕ ಹಾಕಿ ಮಾಡಿದ ಪಟ್ಟಿ ಬಂತು. ಮೊದಲನೆಯ ಹೆಸರು: ಹಿಲ್ಮೊ ಕೆಚೆಜಿಚ್, ಉಣ್ಣೆ ಒತ್ತುವ ಯಂತ್ರ, ಒಂದು.

ಊರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಎಲ್ಲರೂ ನನ್ನಂಗಡಿಗೆ ಕ್ಷೌರಕ್ಕೆ ಬಂದರು, ಬೋಳುತಲೆಯವರೂ ಬಂದರು. ಪಕ್ಕದ ಕಾಫಿ ಅಂಗಡಿಯ ಯೋಜೊ ತಟ್ಟೆ ಹಿಡಿದುಕೊಂಡೇ ಬಂದು ನಿಂತ.

"ಹೇಳಪ್ಪ, ಎದುರು ಕೂತಿರೋನು ನೀನು. ಯಾರು ಅವನ ಹಿಂದೆ?"

"ನಂಗೇನು ಗೊತ್ತು?"

"ಅವನ ಅಪ್ಪ ಸೈನ್ಯದಲ್ಲಿದ್ದಾಗ ಯಾರೋ ದೊಡ್ಡವರ ಜೊತೆ ಒಂದೇ ಕೋಣೇಲಿ ಮಲಗ್ತಿದ್ದನಂತೆ," ಎಂದ ಒಬ್ಬ.

"ಯುದ್ಧ ಮುಗಿದ್ಮೇಲೆ ನಮ್ಮ ಮೇಲೆ ಕಣ್ಣಿಡೋಕೆ ಅಂತ ರಾಜಧಾನಿಯಲ್ಲಿ ಬಂದು ಕೂತ ವಿದೇಶದ ದೊರೆಗಳಿದಾರಲ್ಲ, ಅವ್ರಲ್ಲೊಬ್ಬರಿಗೆ ಇವನ ಚಪ್ಪಲಿನೇ ಆಗ್ಬೇಕಂತೆ, ಬೇರೆ ಹಾಕಿದ್ರೆ ನಿದ್ದೆ ಬರಲ್ವಂತೆ," ಎಂದ ಇನ್ನೊಬ್ಬ.

ಯೋಜೊ ಸೀದಾ ಬೀದಿ ದಾಟಿ ಹೋಗಿ ಕೇಳಿಯೇ ಬಿಟ್ಟ. ಹಿಲ್ಮೊ ತಲೆಯೆತ್ತದೆ, "ಯಾರೂ ಇಲ್ಲ," ಎಂದ.

ಯೋಜೊ ವಾಪಸು ಬಂದಾಗ ಮುಖ ಬಿಳಿಚಿತ್ತು. "ಯಾರೂ ಇಲ್ಲ ಅಂದ," ಎಂದು ಪಿಸುಗುಟ್ಟಿದ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಶೀಲಿ ಸಣ್ಣದಾಗಿದ್ದರೆ ಮನುಷ್ಯ ಹೆಸರು ಹೇಳಿಕೊಂಡು ತಿರುಗುತ್ತಾನೆ. ಮಧ್ಯಮವಾಗಿದ್ದರೆ ಕಣ್ಣು ಮಿಟುಕಿಸುತ್ತಾನೆ. ಯಾರೂ ಇಲ್ಲ ಎಂದು ಹೇಳಬೇಕಾದರೆ ಅದು ಎಷ್ಟು ಎತ್ತರದಲ್ಲಿರಬೇಕು! ಆಗ ನಾನು ಕತ್ತರಿ ಕೆಳಗಿಟ್ಟು, ಮೂರು ಕುರಿತೊಡೆಗಳ ಸಂಕಟವನ್ನೆಲ್ಲ ದನಿಗೆ ತುಂಬಿ ಹೇಳಿದೆ: "ಪ್ರಾಂತದೊಳಗಿನವರಲ್ಲ ಕಣ್ರಪ್ಪ. ಬಹಳ ಮೇಲಿಂದ."

ಅಷ್ಟೇ. ಊರಿಗೆ ಅಷ್ಟು ಸಾಕಾಯಿತು.

ಆ ಆಗಸ್ಟಿನಲ್ಲಿ ನಾನು ಕಂಡದ್ದನ್ನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಯಂತ್ರಕ್ಕೆ ದೊಡ್ಡ ತಂತಿಯ ವಿದ್ಯುತ್ತು ಬೇಕು. ಅದಕ್ಕೆ ಅರ್ಜಿ ಹಾಕಿದವರು ಸಾಮಾನ್ಯವಾಗಿ ತಮ್ಮ ಉಯಿಲಿನಲ್ಲಿ ಅದನ್ನೂ ಬರೆದಿಡುತ್ತಾರೆ. ಹಿಲ್ಮೊ ಸೋಮವಾರ ಅರ್ಜಿ ಕೊಟ್ಟ. ಮಂಗಳವಾರ ವಿದ್ಯುತ್ತಿನವರು ತಮ್ಮದೇ ಏಣಿ ಹೊತ್ತುಕೊಂಡು ಬಂದರು. ಇಪ್ಪತ್ತಾರು ವರ್ಷದಲ್ಲಿ ಅವರ ಏಣಿ ನಾನು ನೋಡಿದ್ದು ಅದೇ ಮೊದಲು. ಪ್ರತಿಸಲ ನನ್ನದನ್ನೇ ಕೇಳುತ್ತಿದ್ದರು. ಅಗ್ನಿಶಾಮಕದವರು ಬೆಂಕಿಯಿಲ್ಲದೆಯೇ ಬಂದು ಅನುಮತಿ ಕೊಟ್ಟರು. ಆರೋಗ್ಯದ ತಪಾಸಕಿ ಬಾಗಿಲಲ್ಲೇ ನಿಂತು, "ಎಲ್ಲ ಚೆನ್ನಾಗಿರಬೇಕಲ್ಲ?" ಎಂದು ಕೇಳಿದಳು. ಹಿಲ್ಮೊ, "ಒಳಗೆ ಬಂದು ನೋಡಿ. ಹಿಂದಿನ ಗೋಡೇಲಿ ಸ್ವಲ್ಪ ತೇವ ಇದೆ," ಎಂದ.

"ನೀವು ಹೇಳಿದ್ಮೇಲೆ ತೇವ ಇಲ್ಲ ಬಿಡಿ," ಎಂದು ಅವಳು ರುಜು ಹಾಕಿ ಹೋದಳು.

ಉದ್ಯಮಗಳನ್ನು ಬೆಳೆಸಲು ಸರ್ಕಾರಗಳು ಏನು ಮಾಡಬೇಕೆಂದು ತಿಳಿದವರು ದೊಡ್ಡ ದೊಡ್ಡ ವರದಿ ಬರೆಯುತ್ತಾರೆ. ವಿದ್ಯುತ್ತು ಬೇಗ ಕೊಡಿ, ಅನುಮತಿ ಬೇಗ ಕೊಡಿ, ಮನೆಬಾಗಿಲಿಗೆ ಬಂದು ಕೊಡಿ ಎನ್ನುತ್ತಾರೆ. ನಮ್ಮ ಸರ್ಕಾರಕ್ಕೆ ಇದೆಲ್ಲ ಬರುತ್ತದೆ, ಬರುವುದಿಲ್ಲವೆಂದು ನಾವು ತಪ್ಪು ತಿಳಿದಿದ್ದೆವು. ಬೇಕಾದದ್ದು ಒಂದೇ: ಪ್ರತಿಯೊಬ್ಬ ಉದ್ಯಮಿಗೂ ಯಾರ ಕಣ್ಣಿಗೂ ಬೀಳದ ಒಬ್ಬ ಮಾವ.

ಹಿಲ್ಮೊನ ಅಂಗಡಿಗೆ ಹರಕೆಯವರು ಬರತೊಡಗಿದರು. ಒಬ್ಬಳ ಕೈಯಲ್ಲಿ ಅರ್ಧ ಕಿಲೋ ಕಾಫಿಪುಡಿ, ಇನ್ನೊಬ್ಬಳ ಕೈಯಲ್ಲಿ ಸಕ್ಕರೆ ಅಚ್ಚಿನ ಡಬ್ಬಿ. ತಂಗಿ ಮಗನಿಗೆ ಅರಣ್ಯ ಇಲಾಖೆಯಲ್ಲಿ ಕೆಲಸ ಆಗಬೇಕು, ಮಾವನಿಗೆ ಪಿಂಚಣಿ ಆಗಬೇಕು. ಹಿಲ್ಮೊ ಕೈಮುಗಿದು, "ನಂಗೆ ಯಾರೂ ಗೊತ್ತಿಲ್ಲ ತಾಯಿ, ದೇವರಾಣೆ," ಎನ್ನುತ್ತಿದ್ದ. ಅವರು, "ಗೊತ್ತು ಗೊತ್ತು, ನೀವು ಹಾಗೇ ಅನ್ನಬೇಕು," ಎಂದು ಹೇಳಿ, ಮರುದಿನ ಒಂದು ಕಿಲೋ ಕಾಫಿಪುಡಿ ತರುತ್ತಿದ್ದರು. ಕೊನೆಗೆ ಅವನು ರಟ್ಟಿನ ಮೇಲೆ 'ನನ್ನ ಹಿಂದೆ ಯಾರೂ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದ. ಅದನ್ನು ಓದಿದವರು ಆ ಬಾಗಿಲು ದಾಟುವವರೆಗೆ ದನಿ ತಗ್ಗಿಸಿ ನಡೆಯತೊಡಗಿದರು.

ಶುಹ್ರೆತಾಗೂ ಅನುಮಾನ ಹತ್ತಿತು. ಒಂದು ದಿನ ಅಂಗಡಿಯಲ್ಲೇ ಗಂಡನನ್ನು ಹಿಡಿದು ನಿಲ್ಲಿಸಿದಳು. "ಮೂವತ್ತು ವರ್ಷ ಸಂಸಾರ ಮಾಡಿದೀನಿ. ನಂಗಾದ್ರೂ ಹೇಳಬಾರ್ದಾ?"

"ಹೇಳೋಕೆ ಏನೂ ಇಲ್ಲ ಕಣೇ!"

"ಹೆಂಗಸೇನಾದ್ರೂ ಇದಾಳಾ?"

"ಲೇ, ಅರ್ಜಿ ತುಂಬಿದೆ, ಅಂಕ ಬಂತು. ಅಷ್ಟೇ."

"ಮದುವೆ ಆದಾಗ್ಲಿಂದ ನೀನು ಹೇಳಿದ ಮೊದಲ ಸುಳ್ಳು ಇದು," ಎಂದು ಅವಳು ಕಣ್ಣೊರೆಸಿಕೊಂಡಳು. ಒಳಗೊಳಗೇ ಹೆಮ್ಮೆ ಪಡುತ್ತಿದ್ದಳೆಂದು ನನ್ನ ಅನಿಸಿಕೆ. ಆ ವಾರವೇ ಸ್ಮಾಯೊ ಕೂಡ ಭಾವನ ಮೇಲೆ ಕೂಗುವುದು ಬಿಟ್ಟು, ಕಲ್ಲುಗಣಿಯ ಪರವಾನಗಿ ನವೀಕರಣದ ಕಾಗದ ಹಿಡಿದುಕೊಂಡು ಬಂದ.

ಎಲ್ಲ ಇತ್ತು: ವಿದ್ಯುತ್ತು, ಅನುಮತಿ, ಒಣಗಿದ ಗೋಡೆ. ಯಂತ್ರ ಮಾತ್ರ ಇರಲಿಲ್ಲ. ಅದು ಕೊಂಡಾಗಿತ್ತು, ಉದ್ಯಮ ಮಂತ್ರಾಲಯದ ಗೋದಾಮಿಗೂ ಬಂದಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಉದ್ಯಮ ಮಂತ್ರಿಗಳೇ ಸ್ವಹಸ್ತದಿಂದ, ರಿಬ್ಬನ್ ಕಟ್ಟಿ, ಫೋಟೋ ತೆಗೆಸಿಕೊಂಡು ಹಸ್ತಾಂತರ ಮಾಡಬೇಕಿತ್ತು. ಮಂತ್ರಿಗಳಿಗೆ ಆಗ ಪುರುಸೊತ್ತಿರಲಿಲ್ಲ. ಮಂತ್ರಿಮಂಡಲ ಪುನರ್ರಚನೆಯ ಗಾಳಿ ಬೀಸುತ್ತಿತ್ತು. ಯಾರ ಕುರ್ಚಿ ಉಳಿಯುತ್ತದೆ, ಯಾರದು ಹಾರುತ್ತದೆ ಎಂದು ಗೊತ್ತಾಗುವ ತನಕ ಅವರು ನಗುವ ಫೋಟೋ ತೆಗೆಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಸೆಪ್ಟೆಂಬರ್ ಇಪ್ಪತ್ತು ದಾಟಿತು. ಹಿಲ್ಮೊ ಮೂರು ಸಲ ಮಂತ್ರಾಲಯದ ಕಚೇರಿಗೆ ಹೋಗಿ ಬಂದ. ಕಪಾಟಿನಲ್ಲಿ ನೂರ ನಲವತ್ತು ಜೊತೆ ಸಾಲಾಗಿ ಕೂತಿದ್ದವು. ಖಾಲಿ ಕಪಾಟುಗಳು ಅವನನ್ನೇ ನೋಡುತ್ತಿದ್ದವು. ಒಂದು ಮಧ್ಯಾಹ್ನ ನನ್ನ ಬೆಂಚಿಗೆ ಬಂದು ಕೂತು, ಊದಿದ ಮಣಿಕಟ್ಟನ್ನು ನೀವಿಕೊಳ್ಳುತ್ತ ಹೇಳಿದ: "ಗೇಟು ಎತ್ತೋದಕ್ಕೂ ಮಣಿಕಟ್ಟು ಬೇಕಲ್ವಾ ಚಾಮಿಲ್? ಅದಕ್ಕೆ ಮೋಟಾರು ಇರುತ್ತಾ?"

ಅವತ್ತು ನನಗೆ ತಮಾಷೆ ಮಾಡಲಾಗಲಿಲ್ಲ. ನಾನೇ ಅವನ ಪರವಾಗಿ ಮಂತ್ರಾಲಯಕ್ಕೆ ಹೋಗಿ ಮೆವ್ಲಿದಾಳನ್ನು ಕಂಡೆ. ಮೆವ್ಲಿದಾ ಅಲ್ಲಿ ಮೂವತ್ತೆಂಟು ವರ್ಷ ಗುಮಾಸ್ತೆಯಾಗಿದ್ದು ಇನ್ನು ಹತ್ತು ದಿನಕ್ಕೆ ನಿವೃತ್ತಳಾಗುವವಳು. ಅರ್ಜಿಗಳಿಗೆ ಅಂಕ ಹಾಕಿದವಳು ಅವಳೇ.

"ಮೆವ್ಲಿದಕ್ಕ, ನಿಜ ಹೇಳಿ. ಹಿಲ್ಮೊ ವಿಷಯಕ್ಕೆ ಯಾರು ಫೋನ್ ಮಾಡಿದ್ರು? ಅವರಿಗೇ ಇನ್ನೊಂದ್ಸಲ ಫೋನ್ ಮಾಡ್ಸಿ."

ಅವಳು ಕನ್ನಡಕ ತೆಗೆದಳು. "ಯಾರೂ ಮಾಡ್ಲಿಲ್ಲ ಕಣಯ್ಯ. ಪ್ರತಿವರ್ಷ ಪಟ್ಟಿ ಮೇಲಿಂದ ಬರೋದು, ನಾನು ಅದಕ್ಕೆ ಹೊಂದೋ ಹಾಗೆ ಅಂಕ ಹಾಕ್ತಿದ್ದೆ. ಈ ವರ್ಷ ಮಂತ್ರಿಗೆ ಕುರ್ಚಿ ಚಿಂತೆ, ಪಟ್ಟಿ ಕಳ್ಸೋದೇ ಮರೆತ. ನಾನು ಕಾದೆ ಕಾದೆ, ಆಮೇಲೆ ನಿಯಮದ ಪುಸ್ತಕ ತೆಗೆದು ಅದರ ಪ್ರಕಾರನೇ ಹಾಕಿದೆ. ಮೂವತ್ತೆಂಟು ವರ್ಷದಲ್ಲಿ ಮೊದಲನೇ ಸಲ ಆ ಪುಸ್ತಕ ಓದಿದ್ದು. ಚೆನ್ನಾಗಿ ಬರ್ದಿದಾರೆ."

ನಾನು ಅವಳಿಗೆ ನಮಸ್ಕಾರ ಹೇಳಿ ಹೊರಬಂದೆ. ಇವಳ ಬಾಯಿಯನ್ನೂ ಹೊಲಿದಿದ್ದಾರಲ್ಲ, ಎಂಥ ದೊಡ್ಡ ಕೈ ಇರಬೇಕು ಎಂದುಕೊಂಡೆ.

ಸೆಪ್ಟೆಂಬರ್ ಇಪ್ಪತ್ತೇಳು, ಶುಕ್ರವಾರ, ಮಧ್ಯಾಹ್ನ ಮೂರು. ಬೀದಿಗೆ ಕಪ್ಪು ಕಾರೊಂದು ಬಂತು. ಕಾರಿನಿಂದ ಉದ್ಯಮ ಮಂತ್ರಿಗಳೇ ಇಳಿದರು. ಫೋಟೋದವನಿಲ್ಲ, ರಿಬ್ಬನ್ ಇಲ್ಲ. ಹಿಲ್ಮೊನ ಅಂಗಡಿಗೆ ಮೂರು ಕಲ್ಲು ಮೆಟ್ಟಿಲು. ಮಂತ್ರಿಗಳು ಮೇಲಿನ ಮೆಟ್ಟಿಲು ತಲುಪುತ್ತಲೇ ಒಳಗಿನಿಂದ ದನಿ ಬಂತು: "ಬೂಟು ಹೊರಗೆ! ಒಳಗೆ ಉಣ್ಣೆ ಹರಡಿದೀನಿ."

ನಾನು ಗಿರಾಕಿಯ ಅರ್ಧ ಮುಖದ ಸಾಬೂನು ಹಾಗೇ ಬಿಟ್ಟು ಕಿಟಕಿಗೆ ಬಂದೆ. ಎರಡು ಅಂಗಡಿಗಳ ಬಾಗಿಲೂ ತೆರೆದಿದ್ದವು. ಬೀದಿ ನಾಲ್ಕು ಹೆಜ್ಜೆ ಅಗಲ.

ಮಂತ್ರಿಗಳು ಬಗ್ಗಿ ಬೂಟು ಬಿಚ್ಚಿದರು. ಕನ್ನಡಿಯಂತೆ ಹೊಳೆಯುವ ಬೂಟು. ಅದರೊಳಗಿನಿಂದ ಹೊರಬಂದ ಕಾಲುಚೀಲದಲ್ಲಿ ಒಂದು ತೂತು, ತೂತಿನಿಂದ ಪ್ರಾಂತದ ಉದ್ಯಮಾಭಿವೃದ್ಧಿಯ ಹೆಬ್ಬೆರಳು ಇಣುಕುತ್ತಿತ್ತು. ಎಂಥ ಚಕ್ರವರ್ತಿಯೂ ತೂತಾದ ಕಾಲುಚೀಲದಲ್ಲಿ ಆಜ್ಞೆ ಹೊರಡಿಸಲಾರ. ಹಿಲ್ಮೊ ಹೆಬ್ಬೆರಳನ್ನು ನೋಡಿದ, ನಲವತ್ತಾರರ ಅಳತೆಯ ಒಂದು ಜೊತೆ ಮುಂದಿಟ್ಟ.

"ನಾನು ಸುತ್ತಿ ಬಳಸಿ ಮಾತಾಡೋನಲ್ಲ ಹಿಲ್ಮೊ ಅವರೇ," ಎಂದರು ಮಂತ್ರಿಗಳು. "ನಿಮ್ಮವರಿಗೆ ನನ್ನ ಬಗ್ಗೆ ನೀವು ಒಂದು ಒಳ್ಳೇ ಮಾತು ಹೇಳ್ಬೇಕು. ಪುನರ್ರಚನೆ ಮುಂದಿನ ತಿಂಗಳು."

"ನಮ್ಮವರು ಅಂದ್ರೆ? ಶುಹ್ರೆತಾಗಾ?"

ಮಂತ್ರಿಗಳು ಜಾಣ ನಗೆ ನಕ್ಕರು. "ನಿಮ್ಮ ಹಿಂದೆ ಇರೋರಿಗೆ."

"ನನ್ನ ಹಿಂದೆ ಯಾರೂ ಇಲ್ಲ ಸ್ವಾಮಿ. ಬಾಗಿಲ ಮೇಲೆ ಬರ್ದು ಹಾಕಿದೀನಲ್ಲ."

"ನೋಡ್ದೆ. ಧೈರ್ಯ ಬೇಕು ಹಾಗೆ ಬರೆಯೋಕೆ." ಮಂತ್ರಿಗಳು ಹಣೆ ಒರೆಸಿಕೊಂಡರು. "ಸರಿ, ಹೆಸರು ಬೇಡ. ಆದ್ರೆ ನಿಮ್ಮ ಹೆಸರು ಪಟ್ಟಿಗೆ ಹೇಗೆ ಬಂತು? ನಾನು ಹಾಕಿಲ್ಲ, ಪ್ರಧಾನಿ ಹಾಕಿಲ್ಲ. ಹಾಗಾದ್ರೆ ಯಾರು?"

"ನಿಯಮದ ಪ್ರಕಾರ ಬಂತು."

ನನ್ನ ಗಿರಾಕಿಯ ಮುಖದ ಮೇಲಿನ ಸಾಬೂನು ಒಣಗಿ ಬಿರುಕುಬಿಡುವುದೂ ಕೇಳಿಸುವಂತಿತ್ತು.

"ನಿಯಮದ ಪ್ರಕಾರ," ಎಂದು ಮಂತ್ರಿಗಳು ಮೆಲ್ಲನೆ ಪುನರುಚ್ಚರಿಸಿದರು. "ಅಂದ್ರೆ... ಇನ್ಮೇಲೆ ಎಲ್ಲಾನೂ ನಿಯಮದ ಪ್ರಕಾರವಾ? ಹಳೇದನ್ನೂ ತೆಗೆದು ನೋಡ್ತಾರಾ? ಕಾರು ತೊಳೆಯೋ ಕೇಂದ್ರ... ಅದನ್ನೂ?"

ಹಿಲ್ಮೊ ಉಣ್ಣೆಯ ಮೇಲೆ ಬಿಸಿನೀರು ಚಿಮುಕಿಸುತ್ತ, ಹವೆಯ ಬಗ್ಗೆ ಮಾತಾಡುವವನ ಹಾಗೆ, "ನೋಡಿದ್ರೆ ಒಳ್ಳೇದೇ," ಎಂದ.

ಮಂತ್ರಿಗಳು ಎದ್ದರು. ಎದ್ದವರು ಬಾಗಿಲಿಗೆ ಬಂದರು, ಬಾಗಿಲಿಗೆ ಬಂದವರು ಮೆಟ್ಟಿಲಿಳಿದರು, ಕಾರು ಹತ್ತಿದರು, ಹೋದರು. ಹಿಲ್ಮೊ ಕೈಯಲ್ಲಿ ಬೂಟು ಹಿಡಿದು ಕಾರಿನ ಹಿಂದೆ ಬೀದಿಯ ತುದಿಯವರೆಗೆ ಓಡಿ, "ಸ್ವಾಮೀ! ಬೂಟು! ಬೂಟು!" ಎಂದು ಕೂಗಿದ. ಕಾರು ಇನ್ನೂ ಜೋರಾಯಿತು. ಪ್ರಾಂತದ ಉದ್ಯಮ ಮಂತ್ರಿ ನಲವತ್ತಾರರ ಅಳತೆಯ ಉಣ್ಣೆ ಚಪ್ಪಲಿಯಲ್ಲಿ ರಾಜ್ಯಭಾರಕ್ಕೆ ಮರಳಿದರು.

ಮರುದಿನ ಶನಿವಾರ. ನಮ್ಮ ಸರ್ಕಾರ ಶನಿವಾರ ಕೆಲಸ ಮಾಡಿದ್ದು ಅದೇ ಮೊದಲು. ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು, ಲಾರಿಯಿಂದ ಯಂತ್ರ ಇಳಿಯಿತು, ಸಂಜೆಗೆ ಅದು ಗುಡುಗುಡು ಎನ್ನತೊಡಗಿತು. ಹಿಲ್ಮೊ ಅದರ ಮುಂದೆ ಕೈಕಟ್ಟಿ ನಿಂತಿದ್ದ. ಕೈ ಕಟ್ಟಿ ನಿಂತ ಹಿಲ್ಮೊನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬೂಟನ್ನು ಅವನು ಸೋಮವಾರ ಕಾಗದದಲ್ಲಿ ಸುತ್ತಿ ಮಂತ್ರಾಲಯಕ್ಕೆ ಅಂಚೆಯಲ್ಲಿ ಕಳಿಸಿದ. ಗುರುವಾರ ಅದು ವಾಪಸು ಬಂತು, ಮೊಹರು ಒತ್ತಿದ ಪತ್ರದ ಜೊತೆ: 'ಮಾನ್ಯ ಮಂತ್ರಿಗಳು ಯಾವುದೇ ಬೂಟನ್ನು ಎಲ್ಲಿಯೂ ಬಿಟ್ಟಿರುವುದಿಲ್ಲ.' ಪರರ ವಸ್ತು ಅಂಗಡಿಯೊಳಗೆ ಇಟ್ಟುಕೊಳ್ಳಲು ಹಿಲ್ಮೊನ ಮನಸ್ಸು ಒಪ್ಪಲಿಲ್ಲ. ಬಿಟ್ಟ ಜಾಗದಲ್ಲೇ, ಮೇಲಿನ ಮೆಟ್ಟಿಲ ಮೇಲೆ, ಇಟ್ಟ. ದಿನಾ ಬೆಳಿಗ್ಗೆ ಧೂಳು ಒರೆಸುತ್ತಿದ್ದ, ಯಜಮಾನ ಬಂದರೆ ಕೊಳಕಾಗಿರಬಾರದೆಂದು.

ಆ ಬೂಟಿನ ಮಹಿಮೆಯನ್ನು ಏನೆಂದು ಬಣ್ಣಿಸಲಿ! ಅಕ್ಟೋಬರಿನಲ್ಲಿ ತೆರಿಗೆಯ ಇಬ್ಬರು ತಪಾಸಕರು ಬೀದಿ ಪೂರ್ತಿ ಜಾಲಾಡುತ್ತ ಬಂದರು. ಯೋಜೊಗೆ ದಂಡ, ನನಗೆ ದಂಡ. ಹಿಲ್ಮೊನ ಮೂರನೆಯ ಮೆಟ್ಟಿಲಲ್ಲಿ ಬೂಟು ಕಂಡರು. ಎಷ್ಟಾದರೂ ನಮ್ಮ ಊರಿನವರು, ಹೊಸ್ತಿಲು ಓದಬಲ್ಲವರು.

"ಒಳಗೆ ಯಾರೋ ಕೂತಿದಾರೆ," ಎಂದ ಒಬ್ಬ.

"ಈ ಬೂಟು ಎಲ್ಲೋ ನೋಡಿದ ಹಾಗಿದೆ," ಎಂದ ಇನ್ನೊಬ್ಬ. "ಇನ್ನೊಂದಿನ ಬರೋಣ."

ಬೇರೆ ಯಾವ ಊರಿನ ತಪಾಸಕರಾಗಿದ್ದರೂ ಒಳಗೆ ಕತ್ತು ಹಾಕಿ ನೋಡುತ್ತಿದ್ದರು.

ನವೆಂಬರ್ ಇಪ್ಪತ್ತೊಂಬತ್ತಕ್ಕೆ ಆರುನೂರನೆಯ ಜೊತೆ ಕಟ್ಟಿನೊಳಗೆ ಸೇರಿತು. ಹೋಟೆಲಿನವರು ಒಯ್ದರು, ಮರುವರ್ಷಕ್ಕೆ ಸಾವಿರ ಕೇಳಿದರು. ಹಿಲ್ಮೊ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡ. ಸ್ಮಾಯೊ ತನ್ನ ಗೇಟಿಗೆ ಬೇರೆ ಯಾರನ್ನೋ ಹುಡುಕಿಕೊಂಡ. ಇನ್ನೊಂದು ಸೋಜಿಗ: ದಿಗಿಲುಬಿದ್ದ ಮಂತ್ರಿಗಳು ತಮ್ಮ ಕೊನೆಯ ವಾರಗಳಲ್ಲಿ ಉಳಿದ ಅರ್ಜಿಗಳನ್ನೂ ನಿಯಮದ ಪ್ರಕಾರವೇ ವಿಲೇವಾರಿ ಮಾಡಿಸಿದರು. ನಾನು ಮೂರು ವರ್ಷದ ಹಿಂದೆ ಹಾಕಿದ್ದ ಅರ್ಜಿಯೂ ಯಾವುದೋ ಕಡತದ ಅಡಿಯಿಂದ ಎದ್ದುಬಂದು, ನನಗೆ ಕುರ್ಚಿ ಸಿಕ್ಕಿತು. ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ. ಕಳಿಸಿದ ಕುರಿತೊಡೆಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲವೆಂದು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಯಾರಾದರೂ, "ನಿನ್ನ ಹಿಂದೆ ಯಾರು?" ಎಂದರೆ ನಾನು ಎದುರಂಗಡಿಯ ಕಡೆ ಕಣ್ಣು ಹಾಯಿಸಿ ಸುಮ್ಮನಾಗುತ್ತೇನೆ.

ಮಂತ್ರಿಗಳ ಕುರ್ಚಿ ಮಾತ್ರ ಉಳಿಯಲಿಲ್ಲ. ಪುನರ್ರಚನೆಯಲ್ಲಿ ಹಾರಿಹೋಯಿತು.

ಫೆಬ್ರವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಹೊಸ ಮಂತ್ರಿಯ ಚಾಲಕ ಬಂದು ಒಂದು ಜೊತೆ ಚಪ್ಪಲಿ ಕೇಳಿದ.

"ಅಳತೆ?"

"ಅವರನ್ನೇ ಕೇಳ್ಬೇಕು."

"ಹಾಗಾದ್ರೆ ಅವರೇ ಬರ್ಲಿ. ಕಾಲು ನೋಡ್ದೆ ನಾನು ಚಪ್ಪಲಿ ಕೊಡಲ್ಲ," ಎಂದ ಹಿಲ್ಮೊ. ಗೋಳಾಡಿಸಬೇಕೆಂದಲ್ಲ, ಅವನ ಅಜ್ಜನೂ ಕೊಡುತ್ತಿರಲಿಲ್ಲ.

ಹೊಸ ಮಂತ್ರಿಗಳು ಮರುದಿನವೇ ಬಂದರು. ಎಳೆಯ ವಯಸ್ಸು, ಹೊಸ ಕೋಟು. ಮೊದಲನೆಯ ಮೆಟ್ಟಿಲು ಹತ್ತಿದರು, ಎರಡನೆಯದು ಹತ್ತಿದರು, ಮೂರನೆಯದರಲ್ಲಿ ಬೂಟು ಕಂಡರು. ಗುರುತು ಹಿಡಿದರೆಂದು ಕಾಣುತ್ತದೆ. ಪ್ರಾಂತದ ಮಂತ್ರಿಗಳೆಲ್ಲ ಬೂಟು ಕೊಳ್ಳುವುದು ಒಂದೇ ಅಂಗಡಿಯಲ್ಲಿ. ಹಳೇ ಮಂತ್ರಿಯ ಕುರ್ಚಿ ಹೋಗಿದೆ, ಬೂಟು ಇಲ್ಲೇ ಇದೆ. ಒಂದು ಗಳಿಗೆ ನಿಂತರು. ಆಮೇಲೆ ತಮ್ಮ ಬೂಟು ಬಿಚ್ಚಿ, ಆ ಬೂಟಿನ ಸಮಕ್ಕೆ ಇಡದೆ, ಒಂದು ಮೆಟ್ಟಿಲು ಕೆಳಗೆ ಇಟ್ಟು, ಬರಿಯ ಕಾಲುಚೀಲದಲ್ಲಿ ಒಳಗೆ ಹೋದರು. ಕಾಲುಚೀಲ ಹೊಚ್ಚಹೊಸದು. ಪಾಠ ಕಲಿತಿದ್ದರು.

ಹಿಲ್ಮೊ ಮೊಣಕಾಲೂರಿ ಅವರ ಪಾದದ ಸುತ್ತ ಸೀಸದಕಡ್ಡಿ ಎಳೆಯುತ್ತಿದ್ದ. ಮಂತ್ರಿಗಳು ಮೇಲಿನಿಂದ, ಎಷ್ಟು ಸಾಧ್ಯವೋ ಅಷ್ಟು ವಿನಯದಿಂದ ಕೇಳಿದರು: "ನಮ್ಮ ಸರ್ಕಾರದಿಂದ ತಮಗೆ ಏನಾದ್ರೂ ಆಗ್ಬೇಕಿತ್ತಾ? ಸಂಕೋಚ ಬೇಡ."

ಹಿಲ್ಮೊ ತಲೆಯೆತ್ತಿದ. ಹಿಂದಿನ ಕಿಟಕಿ ತೆರೆದಿತ್ತು, ಮುಂದಿನ ಬಾಗಿಲೂ ತೆರೆದಿತ್ತು.

"ಆ ಬಾಗಿಲೊಂದು ಹಾಕಿ," ಎಂದ. "ಅಡ್ಡಗಾಳಿ."

ಮಂತ್ರಿಗಳು ಚಪ್ಪಲಿಯಿಲ್ಲದ ಕಾಲಿನಲ್ಲಿ ಕುಂಟುತ್ತ ಬಂದು ಬಾಗಿಲು ಹಾಕಿದರು. ಮುಂದೆ ಏನಾಯಿತೆಂದು ನನಗೆ ಕಾಣಲಿಲ್ಲ. ಆದರೆ ಹಿಲ್ಮೊ ಮಂತ್ರಿಗೆ ಬಾಗಿಲು ಹಾಕಲು ಹೇಳಿದನೆಂದೂ, ಮಂತ್ರಿ ಎದ್ದು ಹಾಕಿದನೆಂದೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಹೇಗೆ ಗೊತ್ತಾಯಿತೆಂದು ಹಿಲ್ಮೊ ಇವತ್ತಿಗೂ ನನ್ನನ್ನೇ ಕೇಳುತ್ತಾನೆ.